ಕಿರುತೆರೆಯ ಸಾವು, ಹರೆಯದ ನೋಡುಗ

ಹದಿಹರೆಯದವರ ಆತ್ಮಹತ್ಯೆಯನ್ನು ಕಥೆಯಾಗಿಸುವ ಧಾರಾವಾಹಿಗಳು, ವೆಬ್ ಸರಣಿಗಳು ಅದೇ ವಯಸ್ಸಿನ ನೋಡುಗರಿಗೆ ಕೇಡು ಮಾಡುತ್ತವೆಯೇ ಎಂಬ ಪ್ರಶ್ನೆಯ ಹಿಂದೆ ನಾಲ್ಕು ದಶಕಗಳ ಸಂಶೋಧನೆ ಇದೆ. ಹೌದು ಅಥವಾ ಇಲ್ಲ ಎಂಬ ಒಂದೇ ಮಾತಿನ ಉತ್ತರ ಅದರಿಂದ ಸಿಕ್ಕಿಲ್ಲ. ಬಹುಪಾಲು ಮಕ್ಕಳು ಇಂಥ ಕಥೆ ನೋಡಿ, ಕಣ್ಣೀರು ಹಾಕಿ, ಮರುದಿನ ಗೆಳೆಯರ ಜೊತೆ ಅದರ ಬಗ್ಗೆ ಮಾತಾಡಿ ಮುಂದಕ್ಕೆ ಹೋಗುತ್ತಾರೆ. ಆದರೆ ಮೊದಲೇ ಮನಸ್ಸು ಕುಗ್ಗಿರುವ ಕೆಲವು ಮಕ್ಕಳಿದ್ದಾರೆ. ಕಥೆಯನ್ನು ಒಂದು ಬಗೆಯಲ್ಲಿ ಹೇಳಿದಾಗ ಅವರಿಗೆ ಅಪಾಯ ಹೆಚ್ಚುತ್ತದೆ, ಇನ್ನೊಂದು ಬಗೆಯಲ್ಲಿ ಹೇಳಿದಾಗ ಅದೇ ಕಥೆ ಆಸರೆಯೂ ಆಗಬಲ್ಲದು. ಕಥೆ ಏನನ್ನು ತೋರಿಸುತ್ತದೆ, ನೋಡುತ್ತಿರುವ ಮಗುವಿನ ಮನಸ್ಥಿತಿ ಹೇಗಿದೆ, ಅದರ ಪಕ್ಕದಲ್ಲಿ ಯಾರು ಕೂತಿದ್ದಾರೆ ಎಂಬುದನ್ನು ಬಿಟ್ಟು ಈ ಪ್ರಶ್ನೆಯನ್ನು ಕೇಳುವುದರಲ್ಲಿ ಅರ್ಥವಿಲ್ಲ.

ಬೆಳಗಾವಿ ನಗರ ಮತ್ತು ಖಾನಾಪುರ ತಾಲ್ಲೂಕಿನಲ್ಲಿ ಈ ಪ್ರಶ್ನೆಗೆ ತನ್ನದೇ ಆದ ರೂಪವಿದೆ. ಇಲ್ಲಿನ ಮನೆಗಳಲ್ಲಿ ಕನ್ನಡ, ಮರಾಠಿ, ಹಿಂದಿ ಮೂರೂ ಭಾಷೆಯ ವಾಹಿನಿಗಳು ನಡೆಯುತ್ತವೆ. ಮುಂಬೈಯಲ್ಲಿ ತಯಾರಾದ ಮರಾಠಿ ಧಾರಾವಾಹಿ ಮುಗಿದ ಮೇಲೆ ಬೆಂಗಳೂರಿನ ಕನ್ನಡ ಧಾರಾವಾಹಿಯನ್ನು ಅದೇ ಮನೆಯವರು ಅದೇ ಸಂಜೆ ನೋಡುವುದು ಈ ಗಡಿನಾಡಿನಲ್ಲಿ ಮಾಮೂಲು. 2016ರ ಸೆಪ್ಟೆಂಬರಿನಲ್ಲಿ ಜಿಯೋ ಬಂದು ಡೇಟಾ ಅಗ್ಗವಾದ ಮೇಲೆ ಹರೆಯದವರ ನೋಟ ಪಡಸಾಲೆಯ ಟಿವಿಯಿಂದ ಕೈಯ ಮೊಬೈಲಿಗೆ ಸರಿಯಿತು. ಭೀಮಗಡದ ಕಾಡಿನಂಚಿನ ಹಳ್ಳಿಗಳಲ್ಲಿ ನೆಟ್‌ವರ್ಕ್ ಸಿಗುವುದು ಕಷ್ಟವಿರಬಹುದು. ಆದರೆ ಕಣಕುಂಬಿ, ಜಾಂಬೋಟಿ, ಲೋಂಡಾ, ನಂದಗಡದ ಕಡೆಯಿಂದ ಪಿಯುಸಿ ಓದಲು ಬೆಳಗಾವಿಗೆ ಬಂದು ಹಾಸ್ಟೆಲಿನಲ್ಲೋ ಬಾಡಿಗೆ ರೂಮಿನಲ್ಲೋ ಉಳಿಯುವ ಹುಡುಗ ಹುಡುಗಿಯರಿಗೆ ಎಲ್ಲ ಸರಣಿಗಳೂ ಸಿಗುತ್ತವೆ. ಸಿಗುವ ಹೊತ್ತಿಗೆ ಮನೆಯವರು ಹತ್ತಿರ ಇರುವುದಿಲ್ಲ.

ಪ್ರಶ್ನೆ ಎಷ್ಟು ದೊಡ್ಡದು ಎಂಬುದಕ್ಕೆ ಕೆಲವು ಅಂಕಿಗಳು ಸಾಕು. ರಾಷ್ಟ್ರೀಯ ಅಪರಾಧ ದಾಖಲೆ ವಿಭಾಗದ ವರದಿಯ ಪ್ರಕಾರ 2022ರಲ್ಲಿ ಭಾರತದಲ್ಲಿ 1,70,924 ಜನ ಆತ್ಮಹತ್ಯೆಯಿಂದ ಸತ್ತರು. ಅವರಲ್ಲಿ 13,044 ಜನ ವಿದ್ಯಾರ್ಥಿಗಳು. ಆ ವರ್ಷ ಕರ್ನಾಟಕದಲ್ಲಿ ದಾಖಲಾದ ಒಟ್ಟು ಸಾವುಗಳು 13,606; ಮಹಾರಾಷ್ಟ್ರ, ತಮಿಳುನಾಡು, ಮಧ್ಯಪ್ರದೇಶಗಳ ನಂತರದ ಸ್ಥಾನ ರಾಜ್ಯದ್ದು. ಪತ್ರಿಕೆಗಳಲ್ಲಿ ಪರೀಕ್ಷೆ ಮತ್ತು ಪ್ರೇಮವೇ ಹೆಚ್ಚು ಕಾಣಿಸಿದರೂ ಎಲ್ಲ ವಯಸ್ಸಿನವರನ್ನೂ ಸೇರಿಸಿ ನೋಡಿದಾಗ ವರದಿಯ ಕಾರಣಗಳಲ್ಲಿ ಮೊದಲ ಸ್ಥಾನ ಕೌಟುಂಬಿಕ ಸಮಸ್ಯೆಗಳದ್ದು, ಶೇ. 31.7. ನಂತರದ್ದು ಕಾಯಿಲೆ, ಶೇ. 18.4. ಆದರೆ ಈ ವರದಿ ಪೊಲೀಸ್ ದಾಖಲೆಯನ್ನು ಆಧರಿಸಿದ್ದು. ವಯಸ್ಸನ್ನು 18ಕ್ಕಿಂತ ಕೆಳಗೆ ಮತ್ತು 18ರಿಂದ 30 ಎಂದು ವಿಂಗಡಿಸುವುದರಿಂದ ಹದಿಹರೆಯ ಎರಡು ಕಡೆ ಹರಿದುಹೋಗುತ್ತದೆ. ನಗರವಾರು ಲೆಕ್ಕ 10 ಲಕ್ಷ ಮೀರಿದ ಊರುಗಳದ್ದು ಮಾತ್ರ; ಬೆಳಗಾವಿ ಅದರಲ್ಲಿ ಬರುವುದಿಲ್ಲ. ಯಾವುದೋ ಧಾರಾವಾಹಿ ಪ್ರಸಾರವಾದ ವಾರ ಬೆಳಗಾವಿಯಲ್ಲಿ ಹದಿನೈದು ಹದಿನಾರರ ಮಕ್ಕಳಿಗೆ ಏನಾಯಿತು ಎಂಬುದನ್ನು ಈ ಪುಟಗಳಿಂದ ತಿಳಿಯಲಾಗದು. ಅಮೆರಿಕ, ಜರ್ಮನಿ, ಬ್ರಿಟನ್‌ಗಳಲ್ಲಿ ನಡೆದಂಥ ಅಧ್ಯಯನ ಇಲ್ಲಿ ನಡೆಯಬೇಕಾದರೆ ಮೊದಲು ಲೆಕ್ಕ ಇಡುವ ಕ್ರಮ ಬದಲಾಗಬೇಕು. ಪುರಾವೆ ಕಣ್ಣಿಗೆ ಕಾಣದ ಮಾತ್ರಕ್ಕೆ ತೊಂದರೆಯೇ ಇಲ್ಲ ಎಂದುಕೊಳ್ಳುವುದು ತಪ್ಪು.

ಕಥೆಯ ಸಾವು ನಿಜದ ಸಾವಿಗೆ ದಾರಿಯಾಗುತ್ತದೆ ಎಂಬ ಭಯ ಟಿವಿಗಿಂತ ಹಳೆಯದು. ಜರ್ಮನ್ ಲೇಖಕ ಗಯಟೆಯ 1774ರ ಕಾದಂಬರಿಯ ನಾಯಕ ವರ್ದರ್‌ನನ್ನು ಯುರೋಪಿನ ಯುವಕರು ಅನುಕರಿಸುತ್ತಿದ್ದಾರೆ ಎಂಬ ಆತಂಕದಿಂದ ಕೆಲವು ಊರುಗಳಲ್ಲಿ ಅದರ ಮಾರಾಟವನ್ನೇ ತಡೆಯಲಾಯಿತು. ಅಮೆರಿಕದ ಸಮಾಜಶಾಸ್ತ್ರಜ್ಞ ಡೇವಿಡ್ ಫಿಲಿಪ್ಸ್ 1974ರಲ್ಲಿ ಪತ್ರಿಕೆಗಳ ಮುಖಪುಟದ ಸುದ್ದಿಗಳನ್ನೂ ನಂತರದ ತಿಂಗಳ ಸಾವುಗಳನ್ನೂ ಎದುರುಬದುರು ಇಟ್ಟು ನೋಡಿ, ಸುದ್ದಿ ದೊಡ್ಡದಾದಷ್ಟೂ ಸಾವು ಏರುತ್ತದೆ ಎಂದು ತೋರಿಸಿದರು. ಅದಕ್ಕೆ ಅವರು ಇಟ್ಟ ಹೆಸರು ‘ವರ್ದರ್ ಪರಿಣಾಮ’. ಅದು ನಿಜವಾದ ಸಾವಿನ ಸುದ್ದಿಯ ಮಾತು. ಕಟ್ಟುಕಥೆಗೂ ಆ ಶಕ್ತಿ ಇದೆಯೇ ಎಂಬುದು ಬೇರೆ ಪ್ರಶ್ನೆ.

ಅದಕ್ಕೆ ಒಂದು ಗಟ್ಟಿ ಉತ್ತರ ಬಂದದ್ದು ಪಶ್ಚಿಮ ಜರ್ಮನಿಯಿಂದ. 1981ರಲ್ಲಿ ಅಲ್ಲಿನ ಝಡ್‌ಡಿಎಫ್ ವಾಹಿನಿ ಶಾಲಾ ವಿದ್ಯಾರ್ಥಿಯೊಬ್ಬನ ಸಾವಿನ ಬಗ್ಗೆ ಆರು ಕಂತಿನ ಸರಣಿಯನ್ನು ಪ್ರಸಾರ ಮಾಡಿತು. ಮಾಡಿದವರ ಉದ್ದೇಶ ಎಚ್ಚರಿಸುವುದಾಗಿತ್ತು. ಸಂಶೋಧಕರಾದ ಶ್ಮಿಟ್ಕೆ ಮತ್ತು ಹೆಫ್ನರ್ 1988ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಪ್ರಸಾರದ ಅವಧಿ ಮತ್ತು ಅದರ ನಂತರದ ವಾರಗಳಲ್ಲಿ 15ರಿಂದ 19 ವರ್ಷದ ಹುಡುಗರಲ್ಲಿ, ಸರಣಿಯಲ್ಲಿ ತೋರಿಸಿದ ವಿಧಾನದ್ದೇ ಸಾವುಗಳು ಶೇ. 175ರವರೆಗೆ ಏರಿದ್ದು ಕಂಡಿತು. ವಯಸ್ಸು ಕಥಾನಾಯಕನ ವಯಸ್ಸಿನಿಂದ ದೂರವಾದಷ್ಟೂ ಏರಿಕೆ ಇಳಿಯುತ್ತಿತ್ತು. 1982ರಲ್ಲಿ ಸರಣಿಯನ್ನು ಮತ್ತೆ ತೋರಿಸಿದಾಗ ನೋಡುಗರು ಕಡಿಮೆಯಿದ್ದರು. ಏರಿಕೆಯೂ ಅದಕ್ಕೆ ತಕ್ಕಂತೆ ಸಣ್ಣದಾಗಿತ್ತು. ನೋಡುಗರ ಸಂಖ್ಯೆಗೆ ತಕ್ಕಂತೆ ಪರಿಣಾಮವೂ ಏರಿಳಿದಿರುವುದರಿಂದ ಇದನ್ನು ಕೇವಲ ಕಾಕತಾಳೀಯ ಎಂದು ತಳ್ಳಿಹಾಕುವುದು ಕಷ್ಟ. ಒಳ್ಳೆಯ ಉದ್ದೇಶ ಸಾಲದು ಎಂಬುದಕ್ಕೂ ಇದಕ್ಕಿಂತ ಸ್ಪಷ್ಟವಾದ ನಿದರ್ಶನ ಬೇಕಿಲ್ಲ.

ಅಮೆರಿಕದಲ್ಲಿ ಚಿತ್ರ ಇಷ್ಟು ನಿಚ್ಚಳವಾಗಿರಲಿಲ್ಲ. 1984–85ರ ಶರತ್ಕಾಲ ಮತ್ತು ಚಳಿಗಾಲದಲ್ಲಿ ಅಲ್ಲಿ ಆತ್ಮಹತ್ಯೆಯ ಕಥೆಯ ನಾಲ್ಕು ಟಿವಿ ಚಿತ್ರಗಳು ಬಂದವು. ನ್ಯೂಯಾರ್ಕ್ ಪ್ರದೇಶದಲ್ಲಿ ಅವುಗಳ ನಂತರ ಹರೆಯದವರ ಪ್ರಯತ್ನಗಳು, ಮೂರರ ನಂತರ ಸಾವುಗಳೂ ಹೆಚ್ಚಿದವು ಎಂದು ಮ್ಯಾಡಲಿನ್ ಗೌಲ್ಡ್ ಮತ್ತು ಡೇವಿಡ್ ಶಾಫರ್ 1986ರಲ್ಲಿ ವರದಿ ಮಾಡಿದರು. ಮರುವರ್ಷವೇ ಫಿಲಿಪ್ಸ್ ಮತ್ತು ಪೇಟ್ ಕ್ಯಾಲಿಫೋರ್ನಿಯಾ, ಪೆನ್ಸಿಲ್ವೇನಿಯಾಗಳ ಲೆಕ್ಕ ನೋಡಿದಾಗ ಅಂಥ ಏರಿಕೆ ಸಿಗಲಿಲ್ಲ. ಬ್ರಿಟನ್ನಿನಲ್ಲಿ 1996ರ ನವೆಂಬರಿನಲ್ಲಿ ‘ಕ್ಯಾಶುವಾಲ್ಟಿ’ ಎಂಬ ಜನಪ್ರಿಯ ಆಸ್ಪತ್ರೆ ಧಾರಾವಾಹಿ ವಿಷಸೇವನೆಯ ಪ್ರಸಂಗವೊಂದನ್ನು ತೋರಿಸಿತು. ತುರ್ತು ಚಿಕಿತ್ಸಾ ಘಟಕಗಳಿಗೆ ಅಂಥ ಪ್ರಕರಣಗಳು ಮೊದಲ ವಾರ ಶೇ. 17, ಎರಡನೇ ವಾರ ಶೇ. 9 ಹೆಚ್ಚಾಗಿ ಬಂದವೆಂದು ಕೀತ್ ಹಾಟನ್ ತಂಡ 1999ರಲ್ಲಿ ಪ್ರಕಟಿಸಿತು. ಪರಿಣಾಮ ಇತ್ತು, ಎರಡು ವಾರಗಳಲ್ಲೇ ಇಳಿಯುತ್ತಲೂ ಇತ್ತು.

ಈಚಿನ ದೊಡ್ಡ ವಿವಾದ ‘ಥರ್ಟೀನ್ ರೀಸನ್ಸ್ ವೈ’ ಸರಣಿಯದ್ದು. ಜೇ ಆಶರ್ ಅವರ 2007ರ ಕಾದಂಬರಿಯನ್ನು ಆಧರಿಸಿದ ಇದನ್ನು ನೆಟ್‌ಫ್ಲಿಕ್ಸ್ 2017ರ ಮಾರ್ಚ್ 31ರಂದು ಬಿಡುಗಡೆ ಮಾಡಿತು. ಹೈಸ್ಕೂಲಿನ ಹುಡುಗಿಯೊಬ್ಬಳು ಸಾಯುವ ಮೊದಲು ಕ್ಯಾಸೆಟ್‌ಗಳಲ್ಲಿ ತನ್ನ ಮಾತು ಮುದ್ರಿಸಿ, ತನ್ನ ಸಾವಿಗೆ ಯಾರು ಯಾರು ಹೊಣೆ ಎಂದು ಒಬ್ಬೊಬ್ಬರಿಗೂ ಕೇಳಿಸುವುದು ಅದರ ಕಥೆ. ಮೊದಲ ಆವೃತ್ತಿಯ ಕೊನೆಯ ಕಂತಿನಲ್ಲಿ ಸಾವಿನ ದೃಶ್ಯವನ್ನು ನಿಮಿಷಗಟ್ಟಲೆ ತೋರಿಸಲಾಗಿತ್ತು. ಬಿಡುಗಡೆಯ ನಂತರದ 19 ದಿನಗಳಲ್ಲಿ ಅಮೆರಿಕದ ಗೂಗಲ್ ಹುಡುಕಾಟಗಳಲ್ಲಿ ಆತ್ಮಹತ್ಯೆಗೆ ಸಂಬಂಧಿಸಿದವು ನಿರೀಕ್ಷೆಗಿಂತ ಶೇ. 19 ಹೆಚ್ಚಾದವು. ಸಹಾಯವಾಣಿಯ ಸಂಖ್ಯೆ ಹುಡುಕಿದವರು ಹೆಚ್ಚಿದ್ದರು, ಸಾಯುವ ದಾರಿ ಹುಡುಕಿದವರು ಅದಕ್ಕಿಂತ ಹೆಚ್ಚಿದ್ದರು.

2019ರಲ್ಲಿ ಎರಡು ಅಧ್ಯಯನಗಳು ಬಂದವು. ಜೆಫ್ರಿ ಬ್ರಿಡ್ಜ್ ತಂಡದ ಲೆಕ್ಕದಲ್ಲಿ, ಬಿಡುಗಡೆಯ ನಂತರದ ಏಪ್ರಿಲ್ ತಿಂಗಳಲ್ಲಿ 10ರಿಂದ 17 ವಯಸ್ಸಿನವರ ಆತ್ಮಹತ್ಯೆ ಪ್ರಮಾಣ ಶೇ. 28.9 ಏರಿತ್ತು, ವರ್ಷದ ಕೊನೆಯವರೆಗೆ ನಿರೀಕ್ಷೆಗಿಂತ 195 ಸಾವು ಹೆಚ್ಚು. ಥಾಮಸ್ ನೀಡರ್‌ಕ್ರೊಟೆಂಥಾಲರ್ ತಂಡ 10ರಿಂದ 19 ವಯಸ್ಸಿನವರಲ್ಲಿ ಮೂರು ತಿಂಗಳಲ್ಲಿ ಶೇ. 13.3 ಏರಿಕೆಯನ್ನು ಕಂಡಿತು. ಎರಡೂ ಏರಿಕೆಯನ್ನೇ ಹೇಳಿದವು, ಆದರೆ ಯಾರಲ್ಲಿ ಎಂಬುದರಲ್ಲಿ ಹೊಂದಿಕೆಯಿರಲಿಲ್ಲ. ಕಥೆಯ ನಾಯಕಿ ಹುಡುಗಿ. ಬ್ರಿಡ್ಜ್ ತಂಡಕ್ಕೆ ಖಚಿತವಾದ ಏರಿಕೆ ಸಿಕ್ಕಿದ್ದು ಹುಡುಗರಲ್ಲಿ. ಇನ್ನೊಂದು ತಂಡಕ್ಕೆ ಹುಡುಗಿಯರಲ್ಲೇ ಏರಿಕೆಯ ಪ್ರಮಾಣ ಹೆಚ್ಚಾಗಿ ಕಂಡಿತು. 2020ರಲ್ಲಿ ಡ್ಯಾನಿಯಲ್ ರೋಮರ್ ಅದೇ ಅಂಕಿಗಳನ್ನು ಬೇರೆ ಕ್ರಮದಲ್ಲಿ ಪರಿಶೀಲಿಸಿದರು. ಅಮೆರಿಕದ ಹರೆಯದವರಲ್ಲಿ ಸಾವು ಕೆಲವು ವರ್ಷಗಳಿಂದ ಏರುತ್ತಲೇ ಇತ್ತು. ಹುಡುಗರಲ್ಲಿನ ಏರಿಕೆ ಸರಣಿ ಬರುವ ಮೊದಲಿನ ತಿಂಗಳಲ್ಲೇ ಶುರುವಾಗಿತ್ತು. ಈ ಎರಡನ್ನೂ ಲೆಕ್ಕಕ್ಕೆ ತೆಗೆದುಕೊಂಡರೆ ಸರಣಿಯೇ ಕಾರಣ ಎಂದು ಹೇಳಲು ಆಧಾರ ಸಾಲದು ಎಂಬುದು ಅವರ ನಿಲುವು. ರಾಷ್ಟ್ರಮಟ್ಟದ ಮಾಸಿಕ ಅಂಕಿಗಳಿಗೆ ಒಂದು ಮಿತಿಯಿದೆ. ಸತ್ತವರು ಆ ಸರಣಿಯನ್ನು ನೋಡಿದ್ದರೇ ಎಂಬುದನ್ನು ಅವು ಹೇಳುವುದಿಲ್ಲ.

ಹಾಗಾಗಿ ನೋಡಿದ ಮಕ್ಕಳನ್ನೇ ನೇರವಾಗಿ ಕೇಳಿದ ಸಣ್ಣ ಅಧ್ಯಯನಗಳಿಗೆ ಬೆಲೆ ಹೆಚ್ಚು. ಮಿಷಿಗನ್ ವಿಶ್ವವಿದ್ಯಾಲಯದವರು ಮನೋವೈದ್ಯಕೀಯ ತುರ್ತು ಘಟಕಕ್ಕೆ ಬಂದ 87 ಮಕ್ಕಳನ್ನು ಮಾತಾಡಿಸಿದರು. ಸುಮಾರು ಅರ್ಧದಷ್ಟು ಮಕ್ಕಳು ಸರಣಿಯನ್ನು ನೋಡಿದ್ದರು. ನೋಡಿದವರಲ್ಲಿ ಶೇ. 51 ಮಂದಿ ಅದರಿಂದ ತಮ್ಮ ಅಪಾಯ ಹೆಚ್ಚಿತು ಎಂದರು. ಇದಕ್ಕಿಂತಲೂ ಗಮನಿಸಬೇಕಾದ ಅಂಕಿ ಇನ್ನೊಂದಿದೆ: ಶೇ. 84 ಮಕ್ಕಳು ಅದನ್ನು ಒಬ್ಬರೇ ಕೂತು ನೋಡಿದ್ದರು. ಆ ಬಗ್ಗೆ ಗೆಳೆಯರ ಜೊತೆ ಮಾತಾಡಿದವರು ಶೇ. 80, ತಂದೆ ಅಥವಾ ತಾಯಿಯ ಜೊತೆ ಮಾತಾಡಿದವರು ಶೇ. 34. ಎರಡನೇ ಆವೃತ್ತಿ ಬಂದಾಗ ಫ್ಲೋರಿಯನ್ ಆರೆಂಟ್ ತಂಡ 18ರಿಂದ 29 ವಯಸ್ಸಿನವರನ್ನು ಬಿಡುಗಡೆಗೆ ಮೊದಲೂ ನಂತರವೂ ಪ್ರಶ್ನಿಸಿತು. ಕೊನೆಯ ಕಂತಿನವರೆಗೆ ನೋಡಿದ ವಿದ್ಯಾರ್ಥಿಗಳಲ್ಲಿ ತಮಗೆ ತಾವೇ ಹಾನಿ ಮಾಡಿಕೊಳ್ಳುವ ಯೋಚನೆ ನೋಡದವರಿಗಿಂತ ಕಡಿಮೆಯಾಗಿತ್ತು, ಇತರರಿಗೆ ನೆರವಾಗುವ ಮನಸ್ಸು ಹೆಚ್ಚಿತ್ತು. ನಡುವೆ ಬಿಟ್ಟವರಲ್ಲಿ ಅಪಾಯ ಹೆಚ್ಚಿತ್ತು. ನೋವು ತಡೆಯಲಾರದೆ ಬಿಟ್ಟವರಿಗೆ ಕಥೆಯ ನೋವಷ್ಟೇ ದಕ್ಕಿತು, ಮುಂದಿನ ಚೇತರಿಕೆ ದಕ್ಕಲಿಲ್ಲ ಎಂದು ಇದನ್ನು ಓದಬಹುದು. ನೆಟ್‌ಫ್ಲಿಕ್ಸ್ 2018ರಲ್ಲಿ ಎಚ್ಚರಿಕೆಯ ವೀಡಿಯೊ ಸೇರಿಸಿತು, 2019ರ ಜುಲೈಯಲ್ಲಿ ವಿವಾದದ ದೃಶ್ಯವನ್ನು ತೆಗೆಯಿತು. ಎರಡು ವರ್ಷ ತಡವಾದರೂ ಅದು ಸರಿಯಾದ ಹೆಜ್ಜೆ. ದೃಶ್ಯ ಹೋದದ್ದರಿಂದ ಕಥೆಗೆ ಯಾವ ಕೊರತೆಯೂ ಆಗಲಿಲ್ಲ.

ಭಾರತದಲ್ಲಿ ಇದಕ್ಕೆ ಹತ್ತಿರದ ಚರ್ಚೆ ನಡೆದದ್ದು 2010ರ ಜನವರಿಯಲ್ಲಿ. ಹಿಂದಿನ ಡಿಸೆಂಬರ್ 25ರಂದು ‘3 ಈಡಿಯಟ್ಸ್’ ಬಿಡುಗಡೆಯಾಗಿತ್ತು. ಅದರಲ್ಲಿ ಎಂಜಿನಿಯರಿಂಗ್ ವಿದ್ಯಾರ್ಥಿಯೊಬ್ಬನ ಸಾವೂ ಇನ್ನೊಬ್ಬನ ಪ್ರಯತ್ನವೂ ಇವೆ. ಹೊಸ ವರ್ಷದ ಮೊದಲ ವಾರಗಳಲ್ಲಿ ಮುಂಬೈ ಮತ್ತು ಮಹಾರಾಷ್ಟ್ರದ ಇತರ ಊರುಗಳಿಂದ ವಿದ್ಯಾರ್ಥಿಗಳ ಸಾವಿನ ಸುದ್ದಿ ಸಾಲಾಗಿ ಬಂದಾಗ, ಚಿತ್ರದತ್ತ ಬೆರಳು ತೋರಿಸಿದವರೂ ಇದ್ದರು, ಪರೀಕ್ಷೆಯ ಒತ್ತಡವನ್ನು ದೂರಿದವರೂ ಇದ್ದರು. ಗಡಿಯಾಚೆಯ ಪತ್ರಿಕೆ ಮತ್ತು ವಾಹಿನಿಗಳು ಬೆಳಗಾವಿಯ ಮನೆಗಳಿಗೂ ಬರುವುದರಿಂದ ಆ ಸುದ್ದಿಗಳ ಸಾಲು ಇಲ್ಲಿಯೂ ಓದಿಸಿಕೊಂಡಿತು. ಚಿತ್ರ ಮೊದಲು, ಸಾವು ನಂತರ ಎಂಬ ಕ್ರಮ ಮಾತ್ರದಿಂದ ಕಾರಣ ಸಿದ್ಧವಾಗುವುದಿಲ್ಲ. ಒಂದು ಸಾವಿನ ಸುದ್ದಿಯನ್ನು ಇನ್ನೊಂದರ ಪಕ್ಕದಲ್ಲಿ ದಿನವೂ ಜೋಡಿಸಿ ತೋರಿಸಿದ ವರದಿಗಾರಿಕೆಯೇ ಚಿತ್ರಕ್ಕಿಂತ ಹೆಚ್ಚು ಕೆಡುಕು ಮಾಡಿರುವ ಸಾಧ್ಯತೆ ಇದೆ. ಫಿಲಿಪ್ಸ್ ಕಾಲದಿಂದ ಗಟ್ಟಿಯಾಗಿ ನಿಂತಿರುವ ಪುರಾವೆ ಸುದ್ದಿಯ ಬಗ್ಗೆಯೇ.

ಚಿಕ್ಕ ಮಕ್ಕಳ ಅನುಕರಣೆಯನ್ನು ಇದರಿಂದ ಬೇರೆಯಾಗಿ ನೋಡಬೇಕು. 2017ರ ನವೆಂಬರಿನಲ್ಲಿ ಹರಿಹರದ ಏಳು ವರ್ಷದ ಬಾಲಕಿಯೊಬ್ಬಳು ಧಾರಾವಾಹಿಯ ಬೆಂಕಿಯ ದೃಶ್ಯವೊಂದನ್ನು ಆಟವಾಗಿ ಮಾಡಲು ಹೋಗಿ ತೀರಿಕೊಂಡ ಸುದ್ದಿ ನಾಡನ್ನು ನಡುಗಿಸಿತು. ಆ ಮಗುವಿಗೆ ಸಾಯುವ ಮನಸ್ಸಿರಲಿಲ್ಲ. ಪರದೆಯ ಬೆಂಕಿ ಸುಡುವುದಿಲ್ಲ, ನಿಜದ್ದು ಸುಡುತ್ತದೆ ಎಂಬ ಭೇದ ತಿಳಿಯುವ ವಯಸ್ಸಾಗಿರಲಿಲ್ಲ. ಹದಿನೈದು ವರ್ಷದವರಿಗೆ ಆ ಭೇದ ಚೆನ್ನಾಗಿ ಗೊತ್ತು. ಅವರು ಎತ್ತಿಕೊಳ್ಳುವುದು ಪಾತ್ರದ ಭಾವವನ್ನು: ನನ್ನಂತೆಯೇ ಇರುವವಳು, ನನ್ನಂತೆಯೇ ಅವಮಾನ ಉಂಡವಳು, ಇದೊಂದೇ ದಾರಿ ಎಂದಳಲ್ಲ ಎಂಬ ಭಾವವನ್ನು.

ಪಾತ್ರದೊಂದಿಗಿನ ಈ ನಂಟು ಎಷ್ಟು ಮುಖ್ಯ ಎಂಬುದಕ್ಕೆ ಕನ್ನಡದಲ್ಲೇ ಒಳ್ಳೆಯ ಸಾಕ್ಷಿ ಇದೆ. ‘ಗೋವಿನ ಹಾಡು’ ತಲೆಮಾರುಗಳಿಂದ ಮಕ್ಕಳ ಬಾಯಲ್ಲಿದೆ. ಅದರ ಕೊನೆಯಲ್ಲಿ ಹುಲಿ ಪಶ್ಚಾತ್ತಾಪದಿಂದ ತಾನೇ ಪ್ರಾಣ ಬಿಡುತ್ತದೆ. ಆದರೂ ಈ ಹಾಡಿಗೆ ಯಾವ ತಾಯಿಯೂ ಹೆದರಿಲ್ಲ. ಕೇಳುವ ಮಗು ಕರುವಿನ ಕಡೆ ಇರುತ್ತದೆ, ಹುಲಿಯ ಕಡೆ ಅಲ್ಲ. ಕರುವಿಗೆ ತಾಯಿ ಮರಳಿ ಸಿಗುತ್ತಾಳೆ. ಹಾಡುವುದೂ ತರಗತಿಯಲ್ಲಿ, ಎಲ್ಲರ ದನಿ ಕೂಡಿ. ಇದರ ಎದುರು ‘ನಾಗರಹಾವು’ ಚಿತ್ರವನ್ನು ಇಟ್ಟು ನೋಡಬೇಕು. ತರಾಸು ಅವರ ಕಾದಂಬರಿಗಳನ್ನು ಆಧರಿಸಿ ಪುಟ್ಟಣ್ಣ ಕಣಗಾಲ್ 1972ರಲ್ಲಿ ಮಾಡಿದ ಈ ಚಿತ್ರದ ರಾಮಾಚಾರಿ ಕಾಲೇಜು ಹುಡುಗ, ಬಿಸಿರಕ್ತದವನು, ಯಾರಿಗೂ ಸರಿಯಾಗಿ ಅರ್ಥವಾಗದವನು. ಹರೆಯದ ನೋಡುಗನಿಗೆ ತನ್ನದೇ ರೂಪ. ಚಿತ್ರದುರ್ಗದ ಬಂಡೆಗಳ ಮೇಲೆ ಅವನೂ ಮಾರ್ಗರೆಟ್ಟಳೂ ಒಟ್ಟಿಗೆ ಪ್ರಾಣ ಬಿಡುವುದನ್ನು ಚಿತ್ರ ಪ್ರೀತಿಯ ಕೊನೆಯ ಪುರಾವೆ ಎಂಬಂತೆ ಎತ್ತರಿಸಿ ತೋರಿಸುತ್ತದೆ. ಅದು ಕನ್ನಡದ ದೊಡ್ಡ ಚಿತ್ರಗಳಲ್ಲೊಂದು, ಅದನ್ನು ಕಟ್ಟಿಡಬೇಕೆಂದು ಯಾರೂ ಹೇಳಲಾರರು. ಆದರೆ ಆ ಮಾದರಿಯ ಅಂತ್ಯವನ್ನು ಅರ್ಧ ಶತಮಾನದ ನಂತರವೂ ಕಿರುತೆರೆ ಯೋಚಿಸದೆ ಬಳಸಿಕೊಳ್ಳುತ್ತಿರುವುದು ಬೇಸರದ ಸಂಗತಿ.

ದಿನನಿತ್ಯದ ಧಾರಾವಾಹಿಗಳಲ್ಲಿ ಸಾವಿನ ಬೆದರಿಕೆಗೆ ಇನ್ನೊಂದು ಕೆಲಸವೂ ಇದೆ. ಅದು ಚೌಕಾಸಿಯ ಸಾಧನ. ಮನೆಯವರು ಮದುವೆಗೆ ಒಪ್ಪುವುದಿಲ್ಲ, ಮಗಳು ಕೋಣೆಯ ಬಾಗಿಲು ಹಾಕಿಕೊಳ್ಳುತ್ತಾಳೆ, ಸಂಚಿಕೆ ಅಲ್ಲಿಗೆ ನಿಲ್ಲುತ್ತದೆ. ಆ ಬಾಗಿಲಿನ ದೃಶ್ಯ ಮರುದಿನ ಸಂಜೆಯವರೆಗೆ ಪ್ರೊಮೊದಲ್ಲಿ ಹತ್ತಾರು ಸಲ ಬರುತ್ತದೆ. ಮುಂದಿನ ಸಂಚಿಕೆಯಲ್ಲಿ ಅವಳು ಬದುಕುತ್ತಾಳೆ, ಅಪ್ಪ ಕರಗುತ್ತಾನೆ, ಬೇಡಿದ್ದು ಸಿಗುತ್ತದೆ. ಅವಳನ್ನು ಯಾರೂ ವೈದ್ಯರ ಬಳಿ ಕರೆದೊಯ್ಯುವುದಿಲ್ಲ, ಯಾರೂ ಕೂತು ಮಾತಾಡಿಸುವುದಿಲ್ಲ, ವಾರದೊಳಗೆ ಕಥೆ ಬೇರೆ ಕಡೆ ತಿರುಗುತ್ತದೆ. ನೋವು ಹೇಳಿಕೊಳ್ಳಲು ಬೇರೆ ಮಾತಿಲ್ಲ, ಇದೊಂದನ್ನೇ ದೊಡ್ಡವರು ಕೇಳಿಸಿಕೊಳ್ಳುತ್ತಾರೆ ಎಂಬ ಪಾಠ ಇದರಲ್ಲಿ ಅಡಗಿದೆ. ನಿಜದ ಬದುಕಿನಲ್ಲಿ ‘ಹೆದರಿಸಲು’ ಮಾಡಿದ ಪ್ರಯತ್ನಗಳೂ ಪ್ರಾಣ ತೆಗೆಯುತ್ತವೆ. ಹದಿಹರೆಯದವರ ಸರಣಿಗಳಿಗಿಂತ, ಮನೆಮಂದಿಯೆಲ್ಲ ನೋಡುವ ಈ ಸಾಮಾನ್ಯ ಧಾರಾವಾಹಿಗಳ ಬಗ್ಗೆಯೇ ಹೆಚ್ಚು ಚಿಂತಿಸಬೇಕಾಗಿದೆ. ‘ಥರ್ಟೀನ್ ರೀಸನ್ಸ್ ವೈ’ ಸರಣಿಯ ಕ್ಯಾಸೆಟ್ಟುಗಳಲ್ಲಿಯೂ ಇದೇ ದೋಷವಿತ್ತು: ಸತ್ತವಳು ಮಾತಾಡುತ್ತಲೇ ಇರುತ್ತಾಳೆ, ನೋಯಿಸಿದವರು ಪಶ್ಚಾತ್ತಾಪ ಪಡುವುದು ಅವಳಿಗೆ ಕಾಣುತ್ತಿದೆ ಎಂಬ ಭ್ರಮೆ ಹುಟ್ಟುತ್ತದೆ. ನಿಜದಲ್ಲಿ ಸಾವಿನ ನಂತರ ಯಾರ ಪಶ್ಚಾತ್ತಾಪವೂ ಸತ್ತವರಿಗೆ ತಲುಪುವುದಿಲ್ಲ.

ಪರೀಕ್ಷೆಯ ಕಥೆಗಳಲ್ಲಿ ವಾಸ್ತವದ ತಪ್ಪೂ ಇರುತ್ತದೆ. ಫಲಿತಾಂಶದ ದಿನವೇ ಎಲ್ಲ ಮುಗಿಯಿತು ಎಂಬಂತೆ ಅವು ನಡೆಯುತ್ತವೆ. ಕರ್ನಾಟಕದಲ್ಲಿ 2023–24ರಿಂದ ಎಸ್ಎಸ್ಎಲ್‌ಸಿ ಮತ್ತು ದ್ವಿತೀಯ ಪಿಯುಸಿಗೆ ಒಂದೇ ವರ್ಷದಲ್ಲಿ ಒಂದಕ್ಕಿಂತ ಹೆಚ್ಚು ಪರೀಕ್ಷೆಗಳಿವೆ. ಮೊದಲನೆಯದರಲ್ಲಿ ಫೇಲಾದ ಮಗು ಮುಂದಿನದಕ್ಕೆ ಕೂತು ಅದೇ ವರ್ಷ ಮುಂದಿನ ತರಗತಿಗೆ ಹೋಗಬಹುದು. ಚೆನ್ನೈನಲ್ಲಿ 1986ರಲ್ಲಿ ‘ಸ್ನೇಹಾ’ ಸಂಸ್ಥೆಯನ್ನು ಕಟ್ಟಿದ ಮನೋವೈದ್ಯೆ ಲಕ್ಷ್ಮೀ ವಿಜಯಕುಮಾರ್, ಫೇಲಾದವರಿಗೆ ಕೂಡಲೇ ಮರುಪರೀಕ್ಷೆ ಬೇಕೆಂದು ಒತ್ತಾಯಿಸಿದವರು. ತಮಿಳುನಾಡು ಅದನ್ನು ಬಹಳ ಮೊದಲೇ ಜಾರಿಗೆ ತಂದಿತು. ಒಂದು ಆಡಳಿತಾತ್ಮಕ ಬದಲಾವಣೆ ಮಕ್ಕಳ ಜೀವ ಉಳಿಸಬಲ್ಲದು ಎಂಬ ಈ ಸಂಗತಿ ಯಾವ ಕಥೆಗಾರನಿಗೂ ಒಳ್ಳೆಯ ವಸ್ತು.

ಪರಿಣಾಮ ಒಳ್ಳೆಯ ದಿಕ್ಕಿಗೂ ಹರಿಯುತ್ತದೆ. ಮೊಜಾರ್ಟನ 1791ರ ಗೀತನಾಟಕದಲ್ಲಿ ಪಾಪಗೇನೊ ಎಂಬ ಪಾತ್ರ ಪ್ರೀತಿ ಕೈತಪ್ಪಿತೆಂದು ಸಾಯಹೊರಟಾಗ ಮೂವರು ಬಾಲಕರು ಬಂದು ಬೇರೆ ದಾರಿ ನೆನಪಿಸುತ್ತಾರೆ. 2010ರಲ್ಲಿ ನೀಡರ್‌ಕ್ರೊಟೆಂಥಾಲರ್ ತಂಡ ಆಸ್ಟ್ರಿಯಾದ ಪತ್ರಿಕೆಗಳನ್ನು ಪರಿಶೀಲಿಸಿ, ಸಾಯುವ ಯೋಚನೆ ಬಂದರೂ ಅದನ್ನು ದಾಟಿ ಬದುಕಿದವರ ಕಥೆ ಪ್ರಕಟವಾದ ನಂತರ ಸಾವುಗಳು ಇಳಿದದ್ದನ್ನು ಗುರುತಿಸಿತು. ಅದಕ್ಕೆ ‘ಪಾಪಗೇನೊ ಪರಿಣಾಮ’ ಎಂದು ಹೆಸರಾಯಿತು. ಅಮೆರಿಕದ ರ‍್ಯಾಪ್ ಗಾಯಕ ಲಾಜಿಕ್ 2017ರಲ್ಲಿ ಸಹಾಯವಾಣಿಯ ಸಂಖ್ಯೆಯನ್ನೇ ಶೀರ್ಷಿಕೆಯಾಗಿಟ್ಟು ಹಾಡು ಮಾಡಿದರು. ಹಾಡಿನ ಬಗ್ಗೆ ಜನ ಹೆಚ್ಚು ಮಾತಾಡಿದ ದಿನಗಳಲ್ಲಿ ಆ ಸಂಖ್ಯೆಗೆ ಕರೆಗಳು ಶೇ. 6.9 ಹೆಚ್ಚಿದವು, ಸಾವುಗಳು ಶೇ. 5.5 ಇಳಿದವು ಎಂದು 2021ರ ಅಧ್ಯಯನ ಹೇಳುತ್ತದೆ. ಭಾರತದಲ್ಲಿ 2019ರ ‘ಛಿಛೋರೆ’ ಚಿತ್ರವನ್ನು ಇಲ್ಲಿ ನೆನೆಯಬಹುದು. ಪ್ರವೇಶ ಪರೀಕ್ಷೆಯಲ್ಲಿ ಸೋತ ಮಗನ ಹಾಸಿಗೆಯ ಪಕ್ಕ ಕೂತು ತಂದೆ ತನ್ನ ಸೋಲಿನ ದಿನಗಳನ್ನು ಹೇಳುತ್ತಾನೆ, ಮಗ ಬದುಕುತ್ತಾನೆ. ಅದರ ನಾಯಕ ನಟ ಸುಶಾಂತ್ ಸಿಂಗ್ ರಜಪೂತ್ 2020ರ ಜೂನಿನಲ್ಲಿ ತೀರಿಕೊಂಡಾಗ, ಹಲವು ಸುದ್ದಿವಾಹಿನಿಗಳು ವಾರಗಟ್ಟಲೆ ನಡೆದುಕೊಂಡ ರೀತಿ ಆ ಚಿತ್ರ ಹೇಳಿದ್ದಕ್ಕೆ ತೀರ ವಿರುದ್ಧವಾಗಿತ್ತು.

ಎರಡೂ ದಿಕ್ಕಿನ ಹರಿವು ಕರ್ನಾಟಕದಲ್ಲಿ ಒಟ್ಟಿಗೆ ಕಂಡದ್ದು 2021ರ ಅಕ್ಟೋಬರ್ 29ರ ನಂತರ. ಅಂದು ನಟ ಪುನೀತ್ ರಾಜ್‌ಕುಮಾರ್ ತೀರಿಕೊಂಡದ್ದು ಹೃದಯಾಘಾತದಿಂದ. ಆದರೂ ದುಃಖ ತಾಳದೆ ಅಭಿಮಾನಿಗಳು ಜೀವ ಕಳೆದುಕೊಂಡ ಸುದ್ದಿಗಳು ಬೆಳಗಾವಿ ಜಿಲ್ಲೆಯೂ ಸೇರಿ ಹಲವು ಕಡೆಗಳಿಂದ ಬಂದವು. ಕುಟುಂಬದವರು ತಮ್ಮ ದುಃಖದ ನಡುವೆಯೇ ಹೊರಬಂದು, ಯಾರೂ ಹೀಗೆ ಮಾಡಿಕೊಳ್ಳಬಾರದು ಎಂದು ಅಭಿಮಾನಿಗಳನ್ನು ಬೇಡಿಕೊಂಡರು. ಪುನೀತ್ ಅವರ ಕಣ್ಣುಗಳಿಂದ ನಾಲ್ವರಿಗೆ ದೃಷ್ಟಿ ಬಂದ ಸುದ್ದಿ ಹರಡಿದ ಮೇಲೆ ರಾಜ್ಯದ ತುಂಬ ನೇತ್ರದಾನಕ್ಕೆ ಹೆಸರು ಬರೆಸುವವರ ಸಾಲು ಬೆಳೆಯಿತು. ಒಬ್ಬನೇ ನಟ, ಒಂದೇ ದುಃಖ. ಜನರ ಮುಂದೆ ಯಾವ ಮಾದರಿ ಬಂತು ಎಂಬುದರ ಮೇಲೆ ಅನುಕರಣೆಯ ದಿಕ್ಕು ಬದಲಾಯಿತು. ಧಾರಾವಾಹಿ ಬರೆಯುವವರು ಕಲಿಯಬೇಕಾದ್ದು ಇದರಲ್ಲಿ ಬಹಳಷ್ಟಿದೆ.

ನಿಯಮಗಳ ಸ್ಥಿತಿ ಅಸಮ. ಸಿನಿಮಾಕ್ಕೆ ಬಿಡುಗಡೆಗೆ ಮೊದಲೇ ಪ್ರಮಾಣಪತ್ರ ಬೇಕು. ಟಿವಿ ಧಾರಾವಾಹಿಗೆ ಮುಂಚಿತ ಪರಿಶೀಲನೆ ಇಲ್ಲ. 1995ರ ಕೇಬಲ್ ಟಿವಿ ಕಾಯ್ದೆಯ ಕಾರ್ಯಕ್ರಮ ಸಂಹಿತೆಯೂ, ವಾಹಿನಿಗಳೇ 2011ರಲ್ಲಿ ಕಟ್ಟಿಕೊಂಡ ದೂರು ಮಂಡಳಿಯೂ ಇವೆ. ವೆಬ್ ಸರಣಿಗಳಿಗೆ 2021ರ ಮಾಹಿತಿ ತಂತ್ರಜ್ಞಾನ ನಿಯಮಗಳು ಅನ್ವಯಿಸುತ್ತವೆ. ಮಕ್ಕಳು ಅನುಕರಿಸಬಹುದಾದ ಅಪಾಯಕಾರಿ ವರ್ತನೆ, ಆತ್ಮಹತ್ಯೆಯೂ ಸೇರಿ, ಕಂಡುಬಂದರೆ ಹೆಚ್ಚಿನ ವಯೋಮಿತಿ ಹಾಕಬೇಕೆಂದು ಅವು ಹೇಳುತ್ತವೆ. ಆ ವರ್ಗೀಕರಣವನ್ನು ಮಾಡುವುದು ಪ್ರಸಾರ ಮಾಡುವವರೇ. ಪತ್ರಿಕೆಗಳಿಗೆ ಪ್ರೆಸ್ ಕೌನ್ಸಿಲ್ 2019ರ ಸೆಪ್ಟೆಂಬರಿನಲ್ಲಿ ಆತ್ಮಹತ್ಯೆಯ ವರದಿಗೆ ಮಾರ್ಗಸೂಚಿ ಕೊಟ್ಟಿದೆ. ಅದೇ ವರ್ಷ ವಿಶ್ವ ಆರೋಗ್ಯ ಸಂಸ್ಥೆ ಚಲನಚಿತ್ರ, ರಂಗಭೂಮಿ, ಕಿರುತೆರೆಯವರಿಗಾಗಿಯೇ ಒಂದು ಕೈಪಿಡಿ ತಂದಿತು. ವಿಧಾನವನ್ನು ತೋರಿಸಬಾರದು, ಒಂದೇ ಕಾರಣಕ್ಕೆ ಇಳಿಸಬಾರದು, ಹೊರಬರುವ ದಾರಿಯನ್ನೂ ನೆರವು ಕೊಡುವವರನ್ನೂ ಕಾಣಿಸಬೇಕು, ಪರಿಣತರನ್ನು ಬರವಣಿಗೆಯ ಹಂತದಲ್ಲೇ ಕೇಳಬೇಕು ಎಂಬುದು ಅದರ ಸಾರ. ಇದರಲ್ಲಿ ಕಥೆಗಾರನ ಸ್ವಾತಂತ್ರ್ಯವನ್ನು ಕಸಿಯುವುದು ಏನೂ ಇಲ್ಲ. ವಿಷಯವನ್ನೇ ನಿಷೇಧಿಸುವುದು ಇದಕ್ಕಿಂತ ಕೆಟ್ಟ ದಾರಿ. ನೋವನ್ನು ಹೆಸರಿಸದ ಮನೆಯಲ್ಲಿ, ತನಗೊಬ್ಬನಿಗೇ ಹೀಗಾಗುತ್ತಿದೆ ಎಂದು ಮಗು ತಿಳಿಯುತ್ತದೆ.

ಉಳಿದದ್ದು ನೋಡುಗನ ಪಕ್ಕದಲ್ಲಿ ಇರಬೇಕಾದವರ ವಿಷಯ. ಬೆಳಗಾವಿ ಸೀಮೆಯ ಜನಪದ ನಾಟಕಗಳಾದ ಸಣ್ಣಾಟ, ಪಾರಿಜಾತಗಳನ್ನು ಊರೇ ಕೂಡಿ ರಾತ್ರಿಯೆಲ್ಲ ನೋಡುತ್ತಿತ್ತು. ಬೈಲಹೊಂಗಲದ ಸಂಗ್ಯಾ ಬಾಳ್ಯಾರ ಕಥೆಯಲ್ಲಿ ಪ್ರೀತಿ, ದ್ರೋಹ, ಕೊಲೆ ಎಲ್ಲವೂ ಇದ್ದವು; ಬೆಳಗಾದ ಮೇಲೆ ಅದರ ಬಗ್ಗೆ ಮಾತಾಡುವವರು ಮನೆಯಲ್ಲೂ ಇದ್ದರು, ಕಟ್ಟೆಯ ಮೇಲೂ ಇದ್ದರು. ಬಾಡಿಗೆ ರೂಮಿನಲ್ಲಿ ಇಯರ್‌ಫೋನ್ ಹಾಕಿಕೊಂಡು ರಾತ್ರಿ ಎರಡರವರೆಗೆ ಸರಣಿ ನೋಡುವ ಖಾನಾಪುರದ ಹುಡುಗಿಗೆ ಆ ಮಾತು ಸಿಗುವುದಿಲ್ಲ. ಮಿಷಿಗನ್ನಿನ ಶೇ. 84ರ ಅಂಕಿ ಹೇಳುವುದು ಇದನ್ನೇ. ಮೊಬೈಲ್ ಕಿತ್ತುಕೊಂಡು ಇದನ್ನು ಸರಿಪಡಿಸಲಾಗದು. ಏನು ನೋಡುತ್ತಿದ್ದಾಳೆಂದು ಕೇಳುವುದು, ಒಂದೆರಡು ಕಂತು ಜೊತೆಗೆ ಕೂತು ನೋಡುವುದು, ಆ ಪಾತ್ರ ಯಾರ ಬಳಿ ಹೋಗಬಹುದಿತ್ತು ಎಂದು ಮಾತಾಡುವುದು ಆಗುವ ಕೆಲಸ.

ನೇರವಾಗಿ ಕೇಳಿದರೆ ಇಲ್ಲದ ಯೋಚನೆಯನ್ನು ತಲೆಗೆ ತುಂಬಿದಂತಾಗುತ್ತದೆ ಎಂಬ ಅಂಜಿಕೆ ಅನೇಕ ತಂದೆತಾಯಿಗಳಲ್ಲಿ, ಶಿಕ್ಷಕರಲ್ಲಿ ಇದೆ. ಗೌಲ್ಡ್ ತಂಡ ನ್ಯೂಯಾರ್ಕ್ ರಾಜ್ಯದ ಆರು ಹೈಸ್ಕೂಲುಗಳ 2,342 ವಿದ್ಯಾರ್ಥಿಗಳಲ್ಲಿ ಇದನ್ನು ಪರೀಕ್ಷಿಸಿ 2005ರಲ್ಲಿ ಪ್ರಕಟಿಸಿತು. ಆತ್ಮಹತ್ಯೆಯ ಯೋಚನೆ ಬಂದಿದೆಯೇ ಎಂದು ಕೇಳಿಸಿಕೊಂಡವರಲ್ಲಿ ಸಂಕಟವಾಗಲಿ ಯೋಚನೆಯಾಗಲಿ ಹೆಚ್ಚಲಿಲ್ಲ. ಮೊದಲೇ ಖಿನ್ನತೆಯಿದ್ದ ಮಕ್ಕಳಲ್ಲಿ ಸಂಕಟ ತುಸು ಇಳಿದಿತ್ತು. ನಿದ್ದೆ ಕೆಟ್ಟಿರುವ, ಊಟ ಬಿಟ್ಟಿರುವ, ಗೆಳೆಯರಿಂದ ದೂರ ಸರಿದಿರುವ, ತನ್ನಿಂದ ಎಲ್ಲರಿಗೂ ಭಾರ ಎನ್ನುವ ಮಗುವನ್ನು ಸಮಾಧಾನದಿಂದ, ಬೈಯದೆ, ನೇರವಾಗಿ ಕೇಳಬೇಕು. ಉತ್ತರ ಹೌದು ಎಂದಾದರೆ ಒಂಟಿಯಾಗಿ ಬಿಡದೆ ಪರಿಣತರ ಬಳಿ ಕರೆದೊಯ್ಯಬೇಕು. 2017ರ ಮಾನಸಿಕ ಆರೋಗ್ಯ ರಕ್ಷಣಾ ಕಾಯ್ದೆಯ 115ನೇ ಕಲಮು, ಪ್ರಯತ್ನಿಸಿದವರು ತೀವ್ರ ಒತ್ತಡದಲ್ಲಿದ್ದರು ಎಂದೇ ಭಾವಿಸಬೇಕು, ಶಿಕ್ಷಿಸಬಾರದು ಎನ್ನುತ್ತದೆ; ಹಾಗಾಗಿ ಪೊಲೀಸರ ಭಯದಿಂದ ಆಸ್ಪತ್ರೆಗೆ ಹೋಗಲು ಹಿಂಜರಿಯಬೇಕಿಲ್ಲ.

ನೆರವು ಈ ಸೀಮೆಯಲ್ಲಿ ದೂರವಿಲ್ಲ. 2022ರ ಅಕ್ಟೋಬರ್ 10ರಂದು ಶುರುವಾದ ಟೆಲಿ ಮಾನಸ್ ಸಹಾಯವಾಣಿಯ ಸಂಖ್ಯೆ 14416. ಕರೆ ಉಚಿತ, ಹಗಲು ರಾತ್ರಿ ಸಿಗುತ್ತದೆ, ಕನ್ನಡದಲ್ಲೂ ಮರಾಠಿಯಲ್ಲೂ ಮಾತಾಡಬಹುದು. ಮಕ್ಕಳಿಗೆ 1098 ಇದೆ. ಹದಿಹರೆಯದವರಿಗಾಗಿ ಸರ್ಕಾರಿ ಆಸ್ಪತ್ರೆಗಳಲ್ಲಿ ‘ಸ್ನೇಹ ಕ್ಲಿನಿಕ್’ಗಳಿವೆ. ಮನೋವೈದ್ಯರು ಮಂಗಳವಾರದಂದು ತಾಲ್ಲೂಕು ಆಸ್ಪತ್ರೆಗಳಿಗೆ ಬರುವ ‘ಮನೋಚೈತನ್ಯ’ ಕಾರ್ಯಕ್ರಮ ಖಾನಾಪುರದಂಥ ಊರುಗಳನ್ನೇ ಉದ್ದೇಶಿಸಿದ್ದು. ಬೆಳಗಾವಿಯಲ್ಲಿ ಜಿಲ್ಲಾ ಆಸ್ಪತ್ರೆ ಸರ್ಕಾರಿ ವೈದ್ಯಕೀಯ ಕಾಲೇಜಾದ ಬಿಮ್ಸ್‌ಗೆ ಸೇರಿದೆ, ಕೆಎಲ್ಇ ಸಂಸ್ಥೆಯ ವೈದ್ಯಕೀಯ ಕಾಲೇಜು ಇದೆ, ಹೆಚ್ಚಿನ ಚಿಕಿತ್ಸೆಗೆ ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್ ಇದೆ. ಈ ಸಂಖ್ಯೆಗಳು ಮತ್ತು ಸ್ಥಳಗಳು ಕನ್ನಡ, ಮರಾಠಿ ಎರಡರಲ್ಲೂ ಪಿಯು ಕಾಲೇಜುಗಳ ಸೂಚನಾ ಫಲಕದಲ್ಲಿ, ಹಾಸ್ಟೆಲಿನ ಗೋಡೆಯಲ್ಲಿ, ಧಾರಾವಾಹಿಯ ಅಂಥ ಸಂಚಿಕೆ ಮುಗಿದಾಗ ಪರದೆಯ ಮೇಲೆ ಓದಲು ಸಿಗುವಷ್ಟು ಹೊತ್ತು ಇರಬೇಕು.